ಪನ್ನೀರಿಗೆ ಪರಾಕು

ಮಾರ್ಚ್ 11

ಅಕ್ಕಾ, ಅಕ್ಕಯ್ಯಾ, ಗುಲಾಬಿ ತೋಟದ ಒಡತಿಯೇ, ಬಹುಪರಾಕ್!

ನಿನ್ನ ಪೊಟ್ಟಣ ಬಂದು ತಲುಪಿತು. ಎಲ್ಲಿಗೆ ಬಂತು, ಎಂಥ ಗಳಿಗೆಯಲ್ಲಿ ಬಂತು ಕೇಳು! ಸಂಜೆ, ಆಟ ಶುರುವಾಗುವ ಹೊತ್ತು, ಬಣ್ಣದ ಕೋಣೆ. ಕನ್ನಡಿಯ ಮುಂದೆ ಕೂತಿದ್ದ ರಾಜ ಪಾರ್ಟಿನವರು ಅರ್ಧ ಮೀಸೆ ಮುಖದ ಮೇಲೆ, ಇನ್ನರ್ಧ ಬೆರಳ ತುದಿಯಲ್ಲಿ ಹಿಡಿದುಕೊಂಡು, "ಏನಯ್ಯಾ ಗಂಟಲು, ಊರಿಂದ ಏನು ಬಂತು?" ಅಂದರು. ನಾಟಕ ಕಂಪನಿಯಲ್ಲಿ ನನ್ನ ಹೆಸರೇ ಗಂಟಲು. ರಾಜ ಬರುವ ಮೊದಲು ಬಂದು, ರಾಜನನ್ನು ಬಾಯ್ತುಂಬ ಹೊಗಳಿ, ಪಕ್ಕಕ್ಕೆ ಸರಿದು ನಿಲ್ಲುವವನಿಗೆ ಬೇರೆ ಅಂಗಾಂಗ ಯಾಕೆ ಹೇಳು!

ಸುಮ್ಮನಿರುತ್ತೇನೆಯೇ? ಎದ್ದೆ. ಬಲಗೈ ಎತ್ತಿದೆ. ಹೊಕ್ಕಳಿನಿಂದ ದನಿ ತೆಗೆದೆ. "ಸಾವಧಾನ! ಸಾವಧಾನ! ಬಾಡುವ ಹೂವನ್ನು ಬಾಡದ ನೀರಾಗಿ ಮಾಡಿದವಳು, ನನ್ನ ಒಡಹುಟ್ಟಿದವಳು, ಕಳಿಸಿದ್ದಾಳೆ ಪನ್ನೀರು!" ಮಹಡಿಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

ಆಮೇಲೆ ಟ್ರಂಕಿನ ಮೇಲೆ ಕೂತು ನಿನ್ನ ಕಾಗದ ಓದಿದೆ. ಹಾಗಾದರೆ ಭಾವ ಒಪ್ಪಿಯೇಬಿಟ್ಟರೇ! ಹೂವಿನ ದಲ್ಲಾಳಿಗೆ ಈ ಸಲ ಒಂದು ಬುಟ್ಟಿಯೂ ಇಲ್ಲ, ಎಲ್ಲವೂ ಹಂಡೆಗೆ! ಬೆಳಿಗ್ಗೆ ಕೇಳಿದ ಬೆಲೆ ಮಧ್ಯಾಹ್ನಕ್ಕಿಲ್ಲ, ಸಂಜೆಗೆ ಅದೇ ಹೂ ದನದ ಬಾಯಿಗೆ. ಬಾಡುವುದನ್ನು ಮಾರುವವನು ಕೈಕಟ್ಟಿ ನಿಲ್ಲಬೇಕು, ಬಾಡದ್ದನ್ನು ಮಾರುವವನು ಕಾಲುಚಾಚಿ ಕಾಯಬಹುದು ಅಂತ ಬರೆದೆಯಲ್ಲ, ಆ ಮಾತನ್ನು ನಾನು ಯಾವುದಾದರೂ ನಾಟಕಕ್ಕೆ ಕದಿಯುತ್ತೇನೆ.

ಆದರೆ ಆ ಇಟ್ಟಿಗೆ ಗೂಡಿನವನ ವಿಷಯ ಓದಿ ಟ್ರಂಕಿನಿಂದ ಎದ್ದು ನಿಂತೆ. ಪನ್ನೀರು ಕೈಹಿಡಿಯದಿದ್ದರೆ ಜೂನ್ ಮುಗಿಯುತ್ತಲೇ ಗಿಡ ಕಿತ್ತು ತೋಟದ ಮಣ್ಣು ಅವನಿಗೆ ಅಂತ ಭಾವ ಮಾತು ಕೊಟ್ಟಿದ್ದಾರೆಯೇ? ನಾವಿಬ್ಬರೂ ಕಣ್ಣಾಮುಚ್ಚಾಲೆ ಆಡಿದ ಸಾಲುಗಳು ಯಾರದೋ ಮನೆಯ ಗೋಡೆಯಾಗುವುದೇ? ಆಗದು! ಅಪ್ಪ ನಿನಗೆ ಬಿಟ್ಟುಹೋದದ್ದು ಅತ್ತೆಮನೆಯ ಹಿತ್ತಿಲಿಗೇ ತಾಗಿದ ತೋಟ, ಇಟ್ಟಿಗೆಯಲ್ಲ!

ಪನ್ನೀರು ಹೇಗಿದೆ ಅಂದೆ. ಏನು ಹೇಳಲಿ! ಆ ಸೀಸೆಯ ಅಂದವೇನು, ಬೆಣೆಯ ಬಿಗಿಯೇನು, ಮೇಣದ ಮುದ್ರೆಯ ಗತ್ತೇನು! ಮುಚ್ಚಳ ತೆಗೆದದ್ದೇ ತಡ, ಇಡೀ ಕೋಣೆ ತಿರುಗಿ ನೋಡಿತು. ನನಗಂತೂ ಮಾತೇ ಹೊರಡಲಿಲ್ಲ.

ನಿನ್ನ,
ಗಂಟಲು

&nbsp;

ಮಾರ್ಚ್ 19

ತಮ್ಮಾ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು, "ಓದುವಾಗಲೂ ಕಿವಿ ಗುಂಯ್ ಅನ್ನುತ್ತಲ್ಲೇ" ಅಂದರು. ನಕ್ಕರು ಅನ್ನುವುದೇ ದೊಡ್ಡದು. ಆ ಇಟ್ಟಿಗೆಯವನು ಬಂದು ಹೋದಾಗಿನಿಂದ ಅವರು ತೋಟದ ಕಡೆ ಬೆನ್ನುಹಾಕಿಯೇ ಕೂರುತ್ತಾರೆ.

ಈಗ ಇಲ್ಲಿ ಬೆಳಗಾಗುವುದನ್ನು ನೀನು ನೋಡಬೇಕು ಕಣೋ. ಸೂರ್ಯ ಬರುವ ಮೊದಲೇ ಬುಟ್ಟಿ ಹಿಡಿದು ಇಳಿಯುತ್ತೇವೆ. ಮಂಜು ಮೊಣಕಾಲಿನವರೆಗೆ. ಕೆಳಗೆ ಕಾಲು ಕಾಣದು, ಮೇಲೆ ಹೂ ಮಾತ್ರ ತೇಲುತ್ತಿರುತ್ತದೆ, ಯಾರೋ ಹಾಲಿನ ಮೇಲೆ ಹರಡಿದ ಹಾಗೆ. ಕೀಳುವಾಗ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಎಚ್ಚರವಾಗಿಬಿಡುತ್ತದೇನೋ ಅನ್ನಿಸುತ್ತದೆ. ಯಾರಿಗೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಬುಟ್ಟಿ ತಂದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸುರಿಯುತ್ತೇನೆ. ತಾಮ್ರದ ಹಂಡೆಗೆ ಪಕಳೆ, ಪಕಳೆ ಮುಳುಗುವಷ್ಟು ನೀರು, ಮೇಲೆ ಮುಚ್ಚಳ, ಸಂದಿಗೆ ಕಲಸಿದ ಹಿಟ್ಟು ಮೆತ್ತಿ ಉರಿ ಹಚ್ಚಿದರೆ ಆವಿ ಕೊಳವೆಯಲ್ಲಿ ಹೊರಟು, ತಣ್ಣೀರ ತೊಟ್ಟಿಯೊಳಗೆ ಸುತ್ತು ಹಾಕಿ, ಆ ಕಡೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಟಪ್. ಟಪ್. ಕಣ್ಣು ಮುಚ್ಚಿದರೆ ಒಂದು ಸಣ್ಣ ಗಡಿಯಾರ ಅಳುತ್ತಿದೆಯೇನೋ ಅನ್ನಬೇಕು.

ಅತ್ತೆಯದ್ದು ಮಾತ್ರ ಅದೇ ರಾಗ. ಬಾಗಿಲಲ್ಲಿ ನಿಂತು ಮೂಗಿಗೆ ಬಟ್ಟೆ ಹಿಡಿದು, "ಸೀದಿದೆ ಕಣೇ, ಸೀದಿದೆ!" ಅನ್ನುತ್ತಾರೆ. ಅವರಿಗೆ ನಾನು ಕಾಯಿಸಿದ ಹಾಲೂ ಸೀದಿರುತ್ತದೆ, ಬರೀ ನೀರು ಕಾಯಿಸಿದರೂ ಸೀದಿರುತ್ತದೆ. ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಒಂದು ಚೆನ್ನಾಗಿದೆ ಕೇಳಿದವರಿದ್ದರೆ ತೋರಿಸು.

ಅದಕ್ಕೇ ನಿನ್ನನ್ನು ಕೇಳುವುದು. ಬೆಣೆ, ಮೇಣ, ಸೀಸೆ ಎಲ್ಲ ಹೊಗಳಿದೆ, ಸರಿ. ವಾಸನೆ ಹೇಗಿತ್ತು ಅಂತ ಬರಿ. ಬೇಲಿಯಾಚೆ ಹೋಗುವವರು ನಿಂತು ತಲೆಯೆತ್ತುವುದನ್ನು ದಿನಾ ನೋಡುತ್ತೇನೆ, ಆದರೆ ಅವರನ್ನು ಕೇಳಲು ಆಗುತ್ತದೆಯೇ? ಎರಡನೇ ಸೀಸೆ ಇಟ್ಟಿದ್ದೇನೆ. ಬಿಡಿಸಿ ಬಿಡಿಸಿ ಬರಿ.

ಅಕ್ಕ

&nbsp;

ಮಾರ್ಚ್ 27

ಅಕ್ಕಾ!

ಬಿಡಿಸಿ ಬರಿ ಅಂದೆಯಲ್ಲ? ತಗೋ, ಪರದೆ ಮೇಲೆ ಹೋಗಲಿ!

ಮುಚ್ಚಳ ತೆಗೆದೆ. ಕಣ್ಣು ಮುಚ್ಚಿದೆ. ಕಂಡದ್ದೇನು? ಬೆಳದಿಂಗಳು. ಬೆಳದಿಂಗಳಲ್ಲಿ ಒಂದು ಉದ್ದನೆಯ ಮೆಟ್ಟಿಲು. ಮೆಟ್ಟಿಲಿಳಿದು ಬರುತ್ತಿದ್ದಾಳೆ ಯಾರೋ, ಮುಖ ಕಾಣದು, ಕಾಲ ಗೆಜ್ಜೆಯ ಸದ್ದಿಲ್ಲ, ಬಟ್ಟೆಯ ಅಂಚು ಮಾತ್ರ ಕಲ್ಲಿಗೆ ಸವರುತ್ತಿದೆ. ಅವಳು ಹೆಜ್ಜೆಯಿಟ್ಟಲ್ಲೆಲ್ಲ ಕತ್ತಲು ತಿಳಿಗುಲಾಬಿಯಾಗುತ್ತಿದೆ. ಕೊನೆಯ ಮೆಟ್ಟಿಲಿಗೆ ಬಂದಳು, ತಲೆಯೆತ್ತಿದಳು, ನನ್ನನ್ನು ಹೆಸರು ಹಿಡಿದು ಕರೆದಳು! ಅಷ್ಟರಲ್ಲಿ ಮಾಲೀಕರು ಗಂಟೆ ಬಾರಿಸಿದರು, ಕನಸು ಒಡೆಯಿತು. ಇದು ಪನ್ನೀರೋ, ಪರಲೋಕದ ತೀರ್ಥವೋ!

ಅತ್ತೆಯವರ ಮಾತು ಓದಿ ನಕ್ಕೂ ನಕ್ಕೂ ಮುಖದ ಬಣ್ಣ ಬಿರುಕುಬಿಟ್ಟಿತು. ನೀರು ಸೀದಿದೆಯಂತೆ! ಅವರನ್ನು ನಮ್ಮ ಕಂಪನಿಗೆ ಕಳಿಸು, ಖಳನಾಯಕಿ ಇಲ್ಲದೆ ಒದ್ದಾಡುತ್ತಿದ್ದೇವೆ.

ಹೂವಿಗೆ ಒಂದೇ ವೇಷ ಯಾಕೆ ಅನ್ನುವುದು ನನ್ನ ಪ್ರಶ್ನೆ. ಬಸಿದ ನೀರು ಒಂದು ಪಾತ್ರ. ನೆರಳಲ್ಲಿ ಒಣಗಿಸಿದ ಪಕಳೆ ಇನ್ನೊಂದು. ಬಟ್ಟೆಯ ಪೆಟ್ಟಿಗೆಯಲ್ಲಿಡಲು ಸಣ್ಣ ಚೀಲ ಹೊಲಿದು ತುಂಬಿದರೆ ಅದು ಮೂರನೆಯದು. ನಮ್ಮಲ್ಲಿ ಒಬ್ಬನೇ ನಟ ಮಂತ್ರಿಯೂ ಹೌದು, ಕಟುಕನೂ ಹೌದು, ಕೊನೇ ದೃಶ್ಯದ ಮರವೂ ಹೌದು. ಒಂದೇ ಸಂಬಳ! ನಿನ್ನ ಹೂವಿಗಾದರೆ ಪ್ರತಿ ವೇಷಕ್ಕೂ ಬೇರೆ ಬೇರೆ ಸಿಗುತ್ತದೆ.

ಅಂದ ಹಾಗೆ, ಉರಿ ಸ್ವಲ್ಪ ಸಣ್ಣಗಿದ್ದರೆ ಹೇಗೆ? ಸುಮ್ಮನೆ ಕೇಳಿದೆ. ಒಲೆಯ ವಿದ್ಯೆ ನನಗೇನು ಗೊತ್ತು!

ಗಂಟಲು

&nbsp;

ಏಪ್ರಿಲ್ 4

ತಮ್ಮಾ,

ಆ ಮೆಟ್ಟಿಲಿನವಳ ಕತೆಯನ್ನು ಎಷ್ಟು ಸಲ ಓದಿದೆನೋ. ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ, ನಗಬೇಡ. ಕನಸಿನಲ್ಲಿ ಆ ಮೆಟ್ಟಿಲನ್ನು ನಾನೂ ಇಳಿದೆ. ಹಂಡೆ ನನ್ನ ಹಿಂದೆ ಹಿಂದೆ ಇಳಿದು ಬರುತ್ತಿತ್ತು, ನಾಯಿಮರಿಯ ಹಾಗೆ.

ಈಗ ಖುಷಿಯ ವಿಷಯ ಕೇಳು. ಪೇಟೆಯ ಸೋಪು ಮಾಡುವ ಹೆಂಗಸು, ದೊಡ್ಡ ಕಾರ್ಖಾನೆಯಲ್ಲ, ನಾಲ್ಕು ಹೆಂಗಸರನ್ನಿಟ್ಟುಕೊಂಡು ಮನೆಯ ಹಿಂದೆ ಮಾಡುತ್ತಾಳೆ, ಅವಳೇ ಹೇಳಿ ಕಳಿಸಿದ್ದಾಳೆ. ಒಳ್ಳೆಯ ಪನ್ನೀರಾದರೆ ಎಷ್ಟಿದ್ದರೂ ಬೇಕಂತೆ, ವರ್ಷ ವರ್ಷವೂ ಬೇಕಂತೆ. ಒಣ ಪಕಳೆಯೂ ಬೇಕಂತೆ, ನೋಡಿದೆಯಾ, ನಿನ್ನ ವೇಷದ ಮಾತು! ಜಾಡಿಗಳೆಲ್ಲ ತುಂಬಿ ನಿಂತಿವೆ. ಅವಳ ವ್ಯಾನು ಇಷ್ಟರಲ್ಲೇ ಬರುತ್ತದೆ. ಅವಳೊಬ್ಬಳು ಹೂಂ ಅಂದರೆ ಸಾಕು, ಇಟ್ಟಿಗೆಯವನನ್ನು ವಾಪಸು ಕಳಿಸುತ್ತೇನೆ ಅಂತ ನಿನ್ನ ಭಾವ ಅಂದರು.

ಉರಿ ಸಣ್ಣದು ಮಾಡು ಅಂದೆ. ಆಗುವುದಿಲ್ಲ ಕಣೋ. ಒಂದು ಹಂಡೆ ಮುಗಿಯುವಷ್ಟರಲ್ಲಿ ಬಿಸಿಲೇರುತ್ತದೆ, ಇನ್ನೊಂದರ ಹೂ ರಾಶಿಯಲ್ಲೇ ಬಾಡುತ್ತದೆ. ಅದಕ್ಕೆ ಇನ್ನೆರಡು ಕೊರಡು ಹೆಚ್ಚೇ ತುರುಕುತ್ತೇನೆ. ಇಷ್ಟು ಉರಿಯಲ್ಲೇ ಬೆಳದಿಂಗಳು ಬಂದಿದೆ ಅಂದಮೇಲೆ ಇನ್ನೇನು!

ಅತ್ತೆ ನಿನ್ನೆ ಜಾಡಿಯ ಬಳಿ ಬಂದು, "ಕೊಡಬೇಡ, ಮಾನ ಹೋಗುತ್ತೆ" ಅಂದರು. ನಾನು ನಿನ್ನ ಕಾಗದ ಓದಿ ಹೇಳಿದೆ. "ಹೊಗಳುಭಟ್ಟನ ಮಾತು ಹೊಟ್ಟೆಗಾಗದು" ಅಂದು ಒಳಗೆ ಹೋದರು.

ಅಕ್ಕ

&nbsp;

ಏಪ್ರಿಲ್ 9

ಅಕ್ಕಾ,

ಆಟದ ನಡುವೆ ಬರೆಯುತ್ತಿದ್ದೇನೆ. ನನ್ನ ಪೇಟದ ದಾರ ಇನ್ನೂ ಗಲ್ಲಕ್ಕೆ ಕಟ್ಟಿದೆ.

ವ್ಯಾನು ಬಂದರೆ ಇನ್ನೊಂದು ವಾರ ಬಿಟ್ಟು ಬಾ ಅನ್ನು. ಯಾವ ನೆಪವಾದರೂ ಹೇಳು. ಕೊಡುವ ಮೊದಲು ಒಂದು ಜಾಡಿಯನ್ನು ಬೇರೆ ಯಾರ ಮೂಗಿಗಾದರೂ ಹಿಡಿ. ಅತ್ತೆಯವರು ಹಿರಿಯರು, ನಾಲ್ಕು ಕಾಲ ಕಂಡವರು. ತಮಾಷೆಗೆ ಏನೋ ಬರೆದೆ ಅಂತ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ನಾನು ನಾಟಕದವನು. ನನ್ನ ಮಾತಿಗೆ ನೂರು ಬಣ್ಣ.

ಈ ಕಾಗದ ಮೊದಲು ಬರಲಿ, ವ್ಯಾನು ಆಮೇಲೆ ಬರಲಿ.

ತಮ್ಮ

&nbsp;

ಏಪ್ರಿಲ್ 14

ತಮ್ಮನಿಗೆ,

ವ್ಯಾನು ಮೊದಲು ಬಂತು.

ತೆಗೆದುಕೊಂಡು ಹೋಯಿತು. ಇವತ್ತು ತಿರುಗಿ ಬಂತು, ಜಾಡಿಗಳ ಸಮೇತ. ಸೋಪಿನವಳೇ ಇಳಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ತಣ್ಣಗೆ ಕೇಳಿದಳು: "ಏನಮ್ಮಾ, ಇದು ಪನ್ನೀರೋ, ಒಲೆ ತೊಳೆದ ನೀರೋ? ನಮ್ಮ ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಇದನ್ನು ನೀನೇ ಮೂಸಿ ನೋಡಿ ತುಂಬಿದೆಯಾ?"

ನಾನು ಜಾಡಿಯ ಮುಚ್ಚಳವನ್ನೇ ಒರೆಸುತ್ತಾ ನಿಂತೆ.

ನಿನ್ನ ಭಾವ ಜಾಡಿಗಳನ್ನು ಒಂದೊಂದಾಗಿ ಇಳಿಸಿದರು. ಸಹಾಯಕ್ಕೆ ಹೋದೆ, "ಬೇಡ" ಅಂದರು. ಹೋಗುವಾಗ ಸೋಪಿನವಳು ಹೇಳಿದಳು, ಇನ್ನೊಮ್ಮೆ ಮಾಡಿದರೆ ಇನ್ನೊಮ್ಮೆ ನೋಡುತ್ತಾಳಂತೆ. ಮೂರನೇ ಸಲ ಇಲ್ಲವಂತೆ.

ನಿನಗೆ ಎರಡು ಸೀಸೆ ಕಳಿಸಿದ್ದೆ. ಮೆಟ್ಟಿಲು, ಬೆಳದಿಂಗಳು ಏನೂ ಬೇಡ. ಒಂದೇ ಮಾತು ಬರಿ. ಸೀದಿತ್ತೋ, ಇಲ್ಲವೋ?

ಅಕ್ಕ

&nbsp;

ಏಪ್ರಿಲ್ 19

ಅಕ್ಕಾ,

ಸೀದಿತ್ತು.

ಎರಡೂ ಸೀಸೆ. ಕೋಣೆಯವರೆಲ್ಲ ತಿರುಗಿ ನೋಡಿದ್ದು ನಿಜ. ಯಾರ ಟೋಪನ್ ಕೂದಲು ದೀಪಕ್ಕೆ ತಗುಲಿ ಸುಟ್ಟಿತು ಅಂತ ನೋಡಿದ್ದು.

ನೀನು ಅಷ್ಟು ಆಸೆಯಿಂದ ಮೇಣ ಹಚ್ಚಿ ಕಳಿಸಿದ್ದೆ. ಚೆನ್ನಾಗಿಲ್ಲ ಅಂತ ಬರೆಯಲು ಕೂತೆ. ಕೈ ತಾನಾಗಿ ಪರಾಕು ಬರೆಯಿತು. ಕುಂಟುವ ರಾಜನನ್ನು ಗಜಗಮನ ಅಂದಿದ್ದೇನೆ, ಶೀತವಾಗಿ ದನಿ ಸತ್ತವರನ್ನು ಸಿಂಹಕಂಠ ಅಂದಿದ್ದೇನೆ. ಅಲ್ಲಿ ಯಾರಿಗೂ ನಷ್ಟವಾಗುವುದಿಲ್ಲ. ಅದೇ ನಾಲಗೆಯನ್ನು ನಿನ್ನ ತೋಟಕ್ಕೂ ಹಚ್ಚಿದೆ. ಹೊಗಳಿದರೆ ನಿನಗೆ ಹುರುಪು ಬರುತ್ತದೆ, ಮುಂದಿನದು ತಾನೇ ಸರಿಹೋಗುತ್ತದೆ ಅಂದುಕೊಂಡೆ.

ಆದರೆ ಅಕ್ಕಾ, ಒಂದು ಅರ್ಥವಾಗುತ್ತಿಲ್ಲ. ನಾನು ಹೇಳಲಿಲ್ಲ, ಸರಿ. ಹಂಡೆಯ ಮುಂದೆ ಇದ್ದವಳು ನೀನು. ಚಿಕ್ಕಂದಿನಲ್ಲಿ ನಾನು ಕದ್ದು ತಿಂದದ್ದನ್ನು ಉಸಿರಿನಲ್ಲೇ ಹಿಡಿಯುತ್ತಿದ್ದವಳು. ಮಳೆ ಬೇಲಿಯಾಚೆ ಇರುವಾಗಲೇ ಬಟ್ಟೆ ತೆಗೆ ಅನ್ನುತ್ತಿದ್ದವಳು. ಅಷ್ಟು ಸೀದದ್ದು ನಿನಗೆ ಯಾಕೆ ಗೊತ್ತಾಗಲಿಲ್ಲ?

ತಮ್ಮ

&nbsp;

ಮೇ 2

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದ ಅಂದುಕೊಂಡಿರುತ್ತೀಯ. ಮೊದಲು ಸಿಟ್ಟೇ. ಆಮೇಲೆ ನಿನ್ನ ಕಾಗದದ ಕೊನೆಯ ಸಾಲಿಗೆ ಉತ್ತರ ಬರೆಯಲು ಧೈರ್ಯ ಬರಲಿಲ್ಲ.

ನನಗೆ ವಾಸನೆ ಬರುವುದಿಲ್ಲ ಕಣೋ.

ಚಳಿಗಾಲದಲ್ಲಿ ಜ್ವರ ಬಂದಿತ್ತು ಅಂತ ಬರೆದಿದ್ದೆನಲ್ಲ. ಜ್ವರ ಹೋಯಿತು, ಹೋಗುವಾಗ ಇದನ್ನೂ ಕಟ್ಟಿಕೊಂಡು ಹೋಯಿತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ಕಾದೆ. ಯಾರಿಗೂ ಹೇಳದೆ ವೈದ್ಯರಿಗೆ ತೋರಿಸಿದೆ, ವಾಸನೆ ಬಂದರೂ ಬರಬಹುದು ಅಂದರು. ಗುಲಾಬಿಯ ಮೊದಲ ಮೊಗ್ಗು ಬಿರಿದ ದಿನ ಮುಖ ಅದರೊಳಗೆ ಹುದುಗಿಸಿದೆ. ತಣ್ಣಗಿತ್ತು. ಮೆತ್ತಗಿತ್ತು. ಅಷ್ಟೇ. ಒದ್ದೆ ಕಾಗದದ ಹೂವಿನ ಹಾಗೆ.

ವಿಚಿತ್ರ ಏನು ಗೊತ್ತಾ? ಕನಸಿನಲ್ಲಿ ಎಲ್ಲ ಬರುತ್ತದೆ. ಅಮ್ಮನ ಕೂದಲು, ನಿನ್ನ ಶಾಲೆಯ ಚೀಲ, ಮಳೆಬಿದ್ದ ಮಣ್ಣು, ಹೂವು, ಎಲ್ಲವೂ ಮೊದಲಿಗಿಂತ ಜೋರಾಗಿ. ಎದ್ದರೆ ಯಾರೋ ಕಿಟಕಿ ಮುಚ್ಚಿದ ಹಾಗೆ. ಅದಕ್ಕೇ ನಿನ್ನ ಮೆಟ್ಟಿಲಿನ ಕತೆ ನನಗೆ ಅಷ್ಟು ಬೇಕಾಗಿತ್ತು. ನೀನು ಹೇಳಿದ್ದನ್ನೇ ಮೂಸುತ್ತಿದ್ದೆ.

ಪನ್ನೀರು ಮಾಡುತ್ತೇನೆ ಅಂತ ಹೊರಟವಳಿಗೇ ಮೂಗಿಲ್ಲ ಅಂದರೆ ನಿನ್ನ ಭಾವ ಹಂಡೆ ಇಳಿಸುತ್ತಾರೆ. ಅವರಿಗೆ ಹೇಳಿಲ್ಲ. ಅತ್ತೆಗೆ ಹೇಳುವುದಂತೂ ಆಗದ ಮಾತು. ಜೀವಮಾನವಿಡೀ ಹೇಳಿ ತೋರಿಸುತ್ತಾರೆ. ಅದಕ್ಕಿಂತ ಮಣ್ಣು ಇಟ್ಟಿಗೆಯವನಿಗೇ ಹೋಗಲಿ.

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಸ್ವಲ್ಪ ಕಡಿಮೆಯಾಗಿದೆ. ನೀನು ಸುಳ್ಳು ಹೇಳಿದೆ, ನಾನು ಬಾಯಿಬಿಡಲಿಲ್ಲ. ಅಕ್ಕ ತಮ್ಮ ಸೇರಿ ಒಂದು ತೋಟ ಸುಟ್ಟೆವು.

ಅಕ್ಕ

&nbsp;

ಮೇ 7

ಅಕ್ಕಾ,

ಓದಿದೆ. ಇಲ್ಲಿ ಜೋರಾಗಿ ಮಾತಾಡದೆ ಕೂತಿದ್ದಕ್ಕೆ ಎಲ್ಲರೂ ನನಗೆ ಜ್ವರವೇ ಅಂತ ಕೇಳಿದರು.

ನಾನೇ ಬಂದು ಹಂಡೆಯ ಪಕ್ಕ ಕೂರುತ್ತಿದ್ದೆ. ಮಾಲೀಕರು ಬಿಡಲಿಲ್ಲ, ಹೊಗಳುವವನಿಲ್ಲದೆ ಯಾವ ರಾಜನೂ ಒಳಗೆ ಕಾಲಿಡುವುದಿಲ್ಲ ಅಂದರು. ಹೂವಿನ ಕಾಲ ಮುಗಿಯುತ್ತಾ ಬಂತು. ಅಂಚೆಯಲ್ಲಿ ಸೀಸೆ ಬಂದು, ನಾನು ಮೂಸಿ, ಉತ್ತರ ಹೋಗುವಷ್ಟರಲ್ಲಿ ಒಲೆ ಆರಿರುತ್ತದೆ. ನಿನಗೆ ಬೇಕಾದದ್ದು ಒಲೆಯ ಪಕ್ಕದಲ್ಲೇ ಇರುವ ಮೂಗು. ನಿಜ ಹೇಳುವ ಮೂಗು. ಯಾರು ಏನಂದುಕೊಂಡಾರು ಅಂತ ನೋಡದ ಮೂಗು.

ಅಂಥ ಮೂಗು ನಿನ್ನ ಮನೆಯಲ್ಲೇ ಇದೆ. ಮೊದಲ ದಿನದಿಂದ ಬಾಗಿಲಲ್ಲಿ ನಿಂತು ಕೂಗುತ್ತಿದೆ. ನಾವಿಬ್ಬರೂ ಅದನ್ನು ನೋಡಿ ನಕ್ಕೆವು.

ಹೇಳಿಬಿಡು. ಹೇಳಿ ತೋರಿಸಿದರೆ ತೋರಿಸಲಿ. ಬೈಗುಳ ಕೇಳಿಕೊಂಡೂ ಬದುಕಬಹುದು.

ತಮ್ಮ

&nbsp;

ಮೇ 18

ತಮ್ಮಾ,

ಹೇಳಿದೆ.

ಅತ್ತೆ ಬಟ್ಟೆ ಮಡಚುತ್ತಿದ್ದರು. ಎದುರಿಗೆ ಕೂತು ಇನ್ನೊಂದು ತುದಿ ಹಿಡಿದುಕೊಂಡೆ, ಮುಖ ನೋಡುವುದು ತಪ್ಪಲಿ ಅಂತ. "ಅತ್ತೆ, ನನಗೆ ವಾಸನೆ ಬರುವುದಿಲ್ಲ" ಅಂದೆ.

"ಯಾವುದರ ವಾಸನೆ?"

"ಯಾವುದರದ್ದೂ. ಆ ಜ್ವರದಿಂದ."

ಮಡಚುವ ಕೈ ನಿಂತಿತು. ಈಗ ಶುರು ಅಂದುಕೊಂಡೆ. "ಹಾಗಾದರೆ ನಾನು ಸೀದಿದೆ ಸೀದಿದೆ ಅಂತ ಬಡಕೊಂಡಾಗ ನೀನು ಕೇಳದೆ ಇದ್ದದ್ದು ಕೊಬ್ಬಿನಿಂದಲ್ಲ?"

"ಅರ್ಧ ಕೊಬ್ಬೇ, ಅತ್ತೆ."

"ಆ ಅರ್ಧಕ್ಕೆ ಮದ್ದಿಲ್ಲ. ಉಳಿದರ್ಧ ನೋಡೋಣ, ಏಳು."

ಅಷ್ಟೇ ಕಣೋ! ಬಟ್ಟೆ ಅಲ್ಲೇ ಬಿಟ್ಟು, ನೋಯುವ ಕಾಲೆಳೆಯುತ್ತಾ ತಮ್ಮ ಮಣೆ ಎತ್ತಿಕೊಂಡು ಹೋಗಿ ಒಲೆಯ ಮುಂದೆ ಹಾಕಿಕೊಂಡು ಕೂತರು. ನಿನ್ನ ಭಾವನಿಗೂ ಅವರೇ ಹೇಳಿದರು, ನಾನು ಬಾಯಿ ತೆರೆಯುವ ಮೊದಲೇ. "ಅವಳಿಗೆ ಮೂಗಿಲ್ಲ, ನನಗೆ ಕಾಲಿಲ್ಲ, ನಿನಗೆ ತಲೆಯಿಲ್ಲ. ಮೂವರೂ ಸೇರಿದರೆ ಒಬ್ಬರು ಆಗುತ್ತೇವೆ. ಹೋಗಿ ಪಾತ್ರೆ ಮಾಡುವವನ ಹತ್ತಿರ ಹಂಡೆಯ ಅಳತೆಗೆ ತೂತಿನ ತಟ್ಟೆ ಮಾಡಿಸಿಕೊಂಡು ಬಾ" ಅಂದರು. ಪಕಳೆ ತಳಕ್ಕೆ ಕೂತೇ ಸೀಯುತ್ತಿದ್ದದ್ದಂತೆ. ಈಗ ಆ ತಟ್ಟೆಯ ಮೇಲೆ ಪಕಳೆ, ಕೆಳಗೆ ನೀರು, ಉರಿ ಬೆಕ್ಕಿನ ನಾಲಗೆಯಷ್ಟು.

ಬಿಸಿಲೇರಿದರೆ ಹೂ ಬಾಡುತ್ತದೆ ಅಂದೆ. "ಹಾಗಾದರೆ ಹಂಡೆಗೆ ಆಗುವಷ್ಟೇ ಕೀಳು. ಉಳಿದದ್ದನ್ನು ನೆರಳಲ್ಲಿ ಹರಡು, ಒಣ ಪಕಳೆಯೂ ಬೇಕು ಅಂದಳಲ್ಲ ನಿನ್ನ ಸೋಪಿನವಳು!" ನಾನು ಇದನ್ನು ಯಾಕೆ ಯೋಚಿಸಲಿಲ್ಲ? ಬೆಳಕು ಹರಿಯುವ ಮೊದಲು ಅವರು ಆವಿಯ ನಡುವೆ ಕೂತಿರುತ್ತಾರೆ, ಮುಖ ಅರ್ಧ ಕಾಣುತ್ತದೆ, ಅರ್ಧ ಮೋಡ. ಮೂಗು ಮಾತ್ರ ಎತ್ತಿದ್ದು. "ಒಂದು ಕೊರಡು ಎಳೆ." "ನೀರು ಮುಗೀತಾ ಬಂತು, ಸಾಕು, ಇಳಿಸು." ನಾನು ಎಳೆಯುತ್ತೇನೆ, ಇಳಿಸುತ್ತೇನೆ.

ಇನ್ನೊಂದು ವಿಷಯ. ಈ ಚಳಿಗಾಲದಿಂದ ನಾನು ಕಾಯಿಸಿದ ಹಾಲೂ ನಿಜವಾಗಿಯೇ ಸೀದಿತ್ತಂತೆ. ಪಾಪ, ಅವರು ಕುಡಿದೇ ಬೈಯುತ್ತಿದ್ದದ್ದು.

ಹಳೆಯ ಜಾಡಿಗಳ ನೀರಿನಿಂದ ಅಂಗಳ ತೊಳೆಯುತ್ತಿದ್ದೇವೆ. ಇಡೀ ಓಣಿಯಲ್ಲಿ ಪನ್ನೀರಿನಿಂದ ಅಂಗಳ ತೊಳೆಯುವವರು ನಾವೇ.

ಹೊಸ ಸೀಸೆ ಇದರ ಜೊತೆಗಿದೆ. ಅತ್ತೆ ಏನಂದರು ಅಂತ ಬರೆಯುವುದಿಲ್ಲ. ಮೊದಲು ನೀನು ಬರಿ.

ಅಕ್ಕ

&nbsp;

ಮೇ 23

ಅಕ್ಕಾ,

ಸೀದಿಲ್ಲ. ಆದರೆ ಹಸಿ. ಮೂಗಿಗೆ ಮೊದಲು ಕಿತ್ತ ಸೊಪ್ಪು ಹೊಡೆಯುತ್ತದೆ, ಅದರ ಹಿಂದೆ ಬಿಸಿ ತಾಮ್ರ. ಹೂ ಇನ್ನೂ ಒಳಗೆಲ್ಲೋ ಬಣ್ಣ ಹಚ್ಚಿಕೊಳ್ಳುತ್ತಾ ಕೂತಿದೆ, ರಂಗಕ್ಕೆ ಬಂದಿಲ್ಲ. ಇದನ್ನು ಹೀಗೇ ಕೊಟ್ಟರೆ ಸೋಪಿನವಳು ತೆಗೆದುಕೊಳ್ಳಲಾರಳು.

ಇಷ್ಟು ಬರೆಯಲು ಎಷ್ಟು ಕಾಗದ ಹರಿದೆನೋ. ಮೊದಲು ಬರೆದದ್ದರಲ್ಲೆಲ್ಲ ಬೆಳದಿಂಗಳು ನುಗ್ಗುತ್ತಿತ್ತು.

ತಮ್ಮ

&nbsp;

ಮೇ 28

ತಮ್ಮಾ,

ನಿನ್ನ ಕಾಗದ ಓದಿ ಕುಣಿಯುವುದೊಂದು ಬಾಕಿ. ಚೆನ್ನಾಗಿಲ್ಲ ಅಂತ ಬರೆದಿದ್ದೀಯ, ಮಹಾರಾಯ!

ಅತ್ತೆ ಅಂದದ್ದೂ ಅದೇ. "ಹಸಿಯಾಗಿದೆ. ಕತ್ತಲಲ್ಲಿ ಇಡು, ಮುಟ್ಟಬೇಡ, ಅದರ ಪಾಡಿಗೆ ಅದು ಮಲಗಲಿ." ನಿನ್ನ ಮಾತು ಓದಿ ಹೇಳಿದೆ. "ನಿನ್ನ ತಮ್ಮನಿಗೆ ಮೂಗಿದೆ. ಇಷ್ಟು ದಿನ ಬಾಯಿ ಅಡ್ಡ ಬಂದಿತ್ತು" ಅಂದರು. ಅವರ ಲೆಕ್ಕದಲ್ಲಿ ಇದು ಪದಕ ಕಣೋ, ಚೌಕಟ್ಟು ಹಾಕಿಸಿಕೋ.

ಜಾಡಿಗಳು ಈಗ ಮನೆಯ ಹಿಂದಿನ ತಂಪು ಕೋಣೆಯಲ್ಲಿವೆ, ಕಂಬಳಿ ಹೊದ್ದು. ತೋಟದಲ್ಲಿ ಹೂ ಮುಗಿಯಿತು. ಇನ್ನು ಮಾಡುವುದಕ್ಕೆ ಇಲ್ಲ, ಇದೇ ಕೊನೆ. ಮಲಗಿ ಎದ್ದ ಮೇಲೂ ಹಸಿಯೇ ಇದ್ದರೆ ಮುಗಿಯಿತು. ಮೊನ್ನೆ ಇಟ್ಟಿಗೆಯವನು ಬಂದು ಬೇಲಿಯ ಹತ್ತಿರ ಹಾರೆ ಹಾಕಿ ಮಣ್ಣು ನೋಡಿಕೊಂಡು ಹೋದ. ಅವನು ಹೋದಮೇಲೆ ನಿನ್ನ ಭಾವ ಆ ಗುಂಡಿ ಮುಚ್ಚಿದರು.

ಆ ಕೋಣೆಯ ಬಾಗಿಲಲ್ಲಿ ಆಗಾಗ ಕೂರುತ್ತೇನೆ. ಒಳಗೆ ಇಡೀ ತೋಟ ನಿದ್ದೆಮಾಡುತ್ತಿದೆ ಅನ್ನಿಸುತ್ತದೆ. ಉಸಿರಾಡುವುದು ಕೇಳಿಸುತ್ತದೇನೋ ಅಂತ ಕಿವಿಗೊಡುತ್ತೇನೆ.

ಕೆಲವು ದಿನ ಬಿಟ್ಟು ಒಂದು ಸೀಸೆ ಕಳಿಸುತ್ತೇನೆ.

ಅಕ್ಕ

&nbsp;

ಜೂನ್ 12

ಅಕ್ಕಾ,

ನನ್ನನ್ನು ಪಾರ್ಟಿನಿಂದ ತೆಗೆದಿದ್ದಾರೆ. ಒಂದು ವಾರ ಪರದೆ ಎಳೆಯುವ ಕೆಲಸ. ಗಾಬರಿಯಾಗಬೇಡ, ನಡೆದದ್ದು ಹೇಳುತ್ತೇನೆ.

ನಿನ್ನ ಸೀಸೆ ನಿನ್ನೆ ಆಟದ ಹೊತ್ತಿಗೆ ಬಂತು. ವೇಷ ಹಾಕಿಕೊಂಡು ಪಕ್ಕದ ಪರದೆಯ ಹಿಂದೆ ನಿಂತಿದ್ದೆ. ನನ್ನ ಹಿಂದೆ ರಾಜ. ಪ್ರವೇಶಕ್ಕೆ ಸ್ವಲ್ಪ ಸಮಯವಿತ್ತು, ಬೆಣೆ ತೆಗೆದೆ.

ಆಮೇಲೆ ಎಲ್ಲಿದ್ದೆ ಅಂತ ಗೊತ್ತಿಲ್ಲ.

ಮೆಟ್ಟಿಲಿರಲಿಲ್ಲ. ಯಾರೂ ಇಳಿದು ಬರಲಿಲ್ಲ. ಸುಮ್ಮನೆ ಬೆಳಗಾಗುತ್ತಿತ್ತು ಅನ್ನಿಸಿತು. ಹಾರ್ಮೋನಿಯಂ ನನ್ನ ಪ್ರವೇಶದ ಸ್ವರ ಹಿಡಿಯಿತು. ಮತ್ತೆ ಹಿಡಿಯಿತು. "ಹೋಗಯ್ಯಾ ಗಂಟಲು" ಅಂತ ರಾಜ ಬೆನ್ನಿಗೆ ತಿವಿದರು. ಸೀಸೆ ಅವರ ಕಡೆಗೂ ತಿರುಗಿತ್ತು. ತಿವಿದ ಕೈ ಅಲ್ಲೇ ಉಳಿಯಿತು. ನಾವಿಬ್ಬರೂ ಹಾಗೇ ನಿಂತೆವು. ಆ ಕಡೆ ತುಂಬಿದ ಸಭೆ ಖಾಲಿ ಸಿಂಹಾಸನ ನೋಡುತ್ತಾ ಕೂತಿತ್ತು. ಒಬ್ಬನೂ ಕೂಗಲಿಲ್ಲ, ಏನೋ ಹೊಸ ಬಗೆ ಅಂದುಕೊಂಡರೇನೋ. ಕಡೆಗೆ ರಾಜ ತಾವೇ ಒಳಗೆ ಹೋದರು, ಹೊಗಳಿಕೆಯಿಲ್ಲದೆ, ಮೆಲ್ಲಗೆ, ಯಾರದೋ ಮನೆಗೆ ಬಂದವರ ಹಾಗೆ.

ಮಾಲೀಕರು ಕೆಂಡವಾಗಿದ್ದರು. "ಬಾಯಿ ಸತ್ತಿತ್ತೇನೋ?" ಅಂದರು. ಹೌದು ಅಂದೆ.

ಹೇಗಿದೆ ಅಂತ ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ. ಬರುತ್ತಿಲ್ಲ. ನೀನು ನಂಬಲಿ ಅಂತ ನಡೆದದ್ದನ್ನಷ್ಟೇ ಬರೆದೆ. ಸೋಪಿನವಳನ್ನು ಕರೆಸು.

ತಮ್ಮ

&nbsp;

ಜೂನ್ 22

ತಮ್ಮಾ,

ನಿನ್ನ ಕಾಗದ ಬಂದ ದಿನವೇ ಹೇಳಿ ಕಳಿಸಿದೆ. ಇವತ್ತು ಬಂದಳು. ತಂಪು ಕೋಣೆಯಲ್ಲಿ ನಿಂತು ಜಾಡಿಯ ಮೇಲೆ ಬಾಗಿದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬಾಗಿದವಳು ಏಳಲೇ ಇಲ್ಲ. ನಿನ್ನ ಭಾವ ಗೋಡೆ ಹಿಡಿದುಕೊಂಡರು.

ಆಮೇಲೆ ಅವಳು, "ಎಲ್ಲ ಕೊಡಿ" ಅಂದಳು. "ಮುಂದಿನ ವರ್ಷದ್ದೂ ನನಗೇ. ಬೇರೆಯವರಿಗೆ ಮಾತು ಕೊಡಬೇಡಿ." ಒಣ ಪಕಳೆಯ ಚೀಲಗಳನ್ನೂ ವ್ಯಾನಿಗೆ ಹಾಕಿಸಿದಳು. ಬೆಲೆಯ ಮಾತನ್ನು ಅತ್ತೆ ಆಡಿದರು, ನಾವು ಹೊರಗೆ ಬಂದೆವು. ಒಳಗಿನಿಂದ ಸೋಪಿನವಳು, "ಅಜ್ಜೀ, ಸ್ವಲ್ಪ ಉಸಿರಾಡಲು ಬಿಡಿ" ಅನ್ನುವುದು ಕೇಳುತ್ತಿತ್ತು.

ನಿನ್ನ ಭಾವ ಸೈಕಲ್ ಹತ್ತಿ ಇಟ್ಟಿಗೆಯವನ ಹತ್ತಿರ ಹೋಗಿ ಬಂದರು. ಬಂದವರು ತೋಟಕ್ಕೆ ಮುಖಮಾಡಿ ಕೂತಿದ್ದಾರೆ.

ಒಂದು ಜಾಡಿಯನ್ನು ಮಾತ್ರ ಅತ್ತೆ ಕೊಡಲಿಲ್ಲ. ಎಲ್ಲರೂ ಹೋದಮೇಲೆ ನಾನು ಅದರ ಮುಚ್ಚಳ ತೆಗೆದು ಮುಖವಿಟ್ಟೆ. ಏನಾದರೂ, ಎಲ್ಲಾದರೂ ಒಂದು ಎಳೆ. ಇಲ್ಲ. ತಂಪು, ಅಷ್ಟೇ. ಅತ್ತೆ ಯಾವಾಗ ಬಂದು ಹಿಂದೆ ನಿಂತರೋ.

"ಬಂತಾ?"

"ಇಲ್ಲ ಅತ್ತೆ."

ಅವರು ನನ್ನನ್ನು ಪಕ್ಕಕ್ಕೆ ಸರಿಸಿದರು. ಜಾಡಿಯ ಮೇಲೆ ತಾವು ಬಾಗಿದರು, ಕಣ್ಣು ಮುಚ್ಚಿದರು. ಸೀದಿದೆ, ಹಸಿಯಿದೆ, ಸಾಕು, ಇಳಿಸು ಅಂತ ಬಿಟ್ಟು ಬೇರೆ ಮಾತು ಆಡಿ ಅಭ್ಯಾಸವಿಲ್ಲ ಅವರಿಗೆ. ಹುಡುಕುತ್ತಿದ್ದರು.

"ನೀನು ಈ ಮನೆಗೆ ಬಂದ ಮಾರನೇ ದಿನ" ಅಂದರು. "ಗಾಳಿಯೇ ಇಲ್ಲ ಅಂತ ಹಿತ್ತಿಲ ಬಾಗಿಲು ತೆಗೆದೆ. ನಿನ್ನ ಮಾವ ಹೋದಮೇಲೆ ಯಾರೂ ತೆಗೆದಿರಲಿಲ್ಲ ಅದನ್ನು. ಹೇಳದೆ ಕೇಳದೆ ತೆಗೆದಳಲ್ಲ, ಬೈಯಬೇಕು ಅಂತ ಬಂದೆ. ಬಾಗಿಲಲ್ಲಿ ನಿಂತೆ. ಆವತ್ತು ಒಳಗೆ ಬಂದ ಗಾಳಿ ಇತ್ತಲ್ಲ, ಅದು. ಅದೇ ಇದು."

ನಾನು ಕಣ್ಣೊರೆಸಿಕೊಂಡೆ. ಅವರು ನನ್ನನ್ನು ನೋಡಿದರು, ಜಾಡಿಯನ್ನು ನೋಡಿದರು.

"ಅಳುವುದು ಆಮೇಲೆ ಅಳು. ಮೊದಲು ಮುಚ್ಚಳ ಹಾಕು, ಹಾರಿಹೋಗುತ್ತೆ."

ಅಕ್ಕ